ಗಾಳಿ ಚೊಂಬಿನ ಗಂಟು

ಗಾಳಿ ಹಿಡಿಯುವುದೂ ಒಂದು ಕೆಲಸ ಎಂದರೆ ಕೋಟೆ ತಾಲ್ಲೂಕಿನಲ್ಲಿ ಯಾರೂ ನಂಬುತ್ತಿರಲಿಲ್ಲ. ಕಾಡಂಚಿನ ಹಾಡಿಯ ಚೆನ್ನಿ ನಾಲ್ಕು ಮಳೆಗಾಲ ಅದನ್ನೇ ಮಾಡಿದಳು, ಅದೂ ಮನಸ್ಸಿಟ್ಟು ಮಾಡಿದಳು. ಮನಸ್ಸಿಟ್ಟು ಮಾಡಿದವರಿಗೇ ಅಲ್ಲವೇ ಈ ಲೋಕದಲ್ಲಿ ಏಟು ಬೀಳುವುದು? ಬಂದ ಪುಟ್ಟ ಹೋದ ಪುಟ್ಟ ಅಂತ ಓಡಾಡಿಕೊಂಡಿರುವವರಿಗೆ ಏನೂ ಆಗುವುದಿಲ್ಲ.

ಕೆಲಸ ಇಷ್ಟು. ಹಾಡಿಯ ಹಿಂದಿನ ಬೋಳುಗುಡ್ಡದ ನೆತ್ತಿಗೆ ಹೋಗಬೇಕು. ಕೈಯಲ್ಲಿ ತೆಂಗಿನಕಾಯಿ ಗಾತ್ರದ ಸ್ಟೀಲಿನ ಗುಂಡು ಡಬ್ಬಿ, ಅದರೊಳಗೆ ಏನೂ ಇಲ್ಲ, ಗಾಳಿಯನ್ನೂ ಮೊದಲೇ ಹೀರಿ ತೆಗೆದಿರುತ್ತಾರೆ. ಪಡುವಣದಿಂದ, ಕೇರಳದ ಕಡಲ ಕಡೆಯಿಂದ ಗಾಳಿ ಬೀಸುವ ಹೊತ್ತು ನೋಡಿ ಅದರ ತಿರುಪು ಬಿಚ್ಚಬೇಕು. ಬುಸ್ ಎಂದು ಗಾಳಿ ಒಳಗೆ ನುಗ್ಗುತ್ತದೆ. ತಿರುಪು ಬಿಗಿದು ಕೆಳಗಿಳಿಸಿ ಕೊಟ್ಟರೆ ಮುಗಿಯಿತು. ಚೆನ್ನಿ ಆ ಡಬ್ಬಿಗೆ ಗಾಳಿ ಚೊಂಬು ಎಂದು ಹೆಸರಿಟ್ಟಳು, ಆಮೇಲೆ ಎಲ್ಲರೂ ಹಾಗೇ ಕರೆದರು.

ಕೆಲಸ ತಂದವಳು ಅನುಶ್ರೀ. ಕೃಷ್ಣರಾಜನಗರದ ಪಕ್ಕದ ಹಳ್ಳಿಯಲ್ಲಿ ನಾಲೆ ನೀರಿಗೆ ಭತ್ತ ಬೆಳೆಯುವವರ ಮನೆ ಹುಡುಗಿ, ದೊಡ್ಡ ಸಂಸ್ಥೆಯೊಂದರಲ್ಲಿ ಪಿಎಚ್.ಡಿ. ಮಾಡುತ್ತಿದ್ದಳು, ಮಳೆಗಾಲಕ್ಕೆಂದು ಕೋಟೆಯಲ್ಲಿ ಬಾಡಿಗೆ ಮನೆ ಹಿಡಿದಿದ್ದಳು. ಮೊದಲ ದಿನ ಚೆನ್ನಿಯ ಗುಡಿಸಲ ಮುಂದೆ ಕೂತು ಎಲ್ಲವನ್ನೂ ಬಿಡಿಸಿ ಹೇಳಿದಳು.

"ಚೆನ್ನಕ್ಕ, ಕಡಲಲ್ಲಿ ಪಾಚಿ ಬೆಳೆಯುತ್ತಲ್ಲ, ಅದು ಬ್ರೋಮಿನ್ ಅನ್ನೋ ವಸ್ತು ಸೇರಿರೋ ಅನಿಲ ಬಿಡುತ್ತೆ. ಆ ಅನಿಲಕ್ಕೆ ಆಯಸ್ಸು ಕಮ್ಮಿ. ಮೂರು ವಾರದಲ್ಲಿ ಬಿಸಿಲಿಗೆ ಒಡೆದುಹೋಗುತ್ತೆ."

"ಮೂರು ವಾರಕ್ಕೆ ಸಾಯೋದ್ಕೆ ನೀವ್ಯಾಕವ್ವ ಇಷ್ಟು ತಲೆ ಕೆಡ್ಸ್ಕಂಡಿದ್ದೀರಾ?"

ಅನುಶ್ರೀ ನಕ್ಕಳು. "ಸಾಯೋದರೊಳಗೆ ಮುಂಗಾರಿನ ದೊಡ್ಡ ಮೋಡ ಸಿಕ್ಕಿಬಿಟ್ರೆ ಅದು ಸೀದಾ ಮೇಲಕ್ಕೆ ಹೋಗಿಬಿಡುತ್ತೆ ಕಣಕ್ಕ. ಹದಿನಾರು ಹದಿನೇಳು ಕಿಲೋಮೀಟರ್ ಮೇಲಕ್ಕೆ. ಅಲ್ಲಿಂದಾಚೆ ಸ್ತರಗೋಳ. ಅಲ್ಲಿರೋ ಓಜೋನು ಸೂರ್ಯನ ಕೆಟ್ಟ ಕಿರಣ ತಡೀತದೆ. ಈ ಬ್ರೋಮಿನ್ ಹೋಗಿ ಆ ಓಜೋನನ್ನ ತಿಂದುಹಾಕುತ್ತೆ. ಕಡಲಿಂದ ಎಷ್ಟು ಹೊರಡ್ತು ಅಂತ ಇಲ್ಲಿ ಹಿಡಿದು ನೋಡಿದ್ರೆ, ಮೇಲಕ್ಕೆ ಎಷ್ಟು ಮುಟ್ಟುತ್ತೆ ಅಂತ ಲೆಕ್ಕ ಹಾಕಬಹುದು."

"ಅಂಗಾದ್ರೆ ಮೋಡ ಅನ್ನೋದು ಏಣಿ ಇದ್ದಂಗೆ ಅನ್ನಿ," ಎಂದಳು ಚೆನ್ನಿ. ಜೇನು ಕೀಳುವವರ ಮಗಳು, ಏಣಿ ಎಂದರೇನೆಂದು ಅವಳಿಗೆ ಯಾರೂ ಹೇಳಬೇಕಿರಲಿಲ್ಲ.

ಚೆನ್ನಿಯಂಥವಳು ಸಿಕ್ಕಿದ್ದು ಅನುಶ್ರೀಯ ಪುಣ್ಯ. ಸಂಸ್ಥೆಯವರು ಗುಡ್ಡದ ಮೇಲೆ ಗಾಳಿಯ ದಿಕ್ಕು ತೋರಿಸುವ ಯಂತ್ರ ನೆಟ್ಟಿದ್ದರು, ಅದನ್ನು ಎರಡನೇ ವಾರಕ್ಕೇ ಆನೆ ಮುರಿದುಹಾಕಿತು. ಚೆನ್ನಿಯನ್ನು ಯಾವ ಆನೆಯೂ ಮುರಿಯಲಿಲ್ಲ. ಅವಳು ಬಂಡೆಯ ಮೇಲೆ ಕಣ್ಣು ಮುಚ್ಚಿ ಕೂತು, ಎಡಗೆನ್ನೆಗೆ ತಾಗುವ ತಂಪಿನಲ್ಲೇ ಹೇಳುತ್ತಿದ್ದಳು: ಇದು ಕಡಲ ಗಾಳಿ, ಇದು ವಯನಾಡಿನ ಕಾಡಿನ ಗಾಳಿ, ಇದು ಹುಣಸೂರು ಪಿರಿಯಾಪಟ್ಟಣದ ಕಡೆಯ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಗೂಡುಗಳ ಗಾಳಿ. ಬ್ಯಾರನ್ ಗಾಳಿಯ ದಿನ ಚೊಂಬು ಬಿಚ್ಚುತ್ತಲೇ ಇರಲಿಲ್ಲ, ಸಂಸ್ಥೆಯ ಜೀಪು ಬಂದು ಕಾದಿದ್ದರೂ ಬರಿಗೈಯಲ್ಲಿ ಇಳಿದು ಬರುತ್ತಿದ್ದಳು. ಚೊಂಬಿನ ದಿನ ತಲೆಗೆ ಎಣ್ಣೆ ಹಾಕುವಂತಿಲ್ಲ, ಸೋಪು ಮುಟ್ಟುವಂತಿಲ್ಲ, ಒಲೆಯ ಹತ್ತಿರ ಕೂರುವಂತಿಲ್ಲ ಎಂದು ಅನುಶ್ರೀ ಹೇಳಿದ್ದಳು. ಚೆನ್ನಿ ಅದಕ್ಕೆ ತಾನೇ ಇನ್ನೊಂದನ್ನು ಸೇರಿಸಿಕೊಂಡು ಎಲೆಅಡಿಕೆಯನ್ನೂ ಬಿಟ್ಟಳು. ನಲವತ್ತೆಂಟು ವರ್ಷದವಳಿಗೆ ಎಲೆಅಡಿಕೆ ಬಿಡುವುದೆಂದರೆ ಸುಮ್ಮನೆ ಮಾತಲ್ಲ.

ಇನ್ನು ಗಂಟಿನ ವಿಷಯ. ಈ ಕಥೆಯೆಲ್ಲ ನಿಂತಿರುವುದೇ ಅದರ ಮೇಲೆ.

ಆ ಹಾಡಿಯಲ್ಲಿ ಜೇನಿರುವ ಮರವನ್ನು ಯಾರು ಮೊದಲು ಕಂಡರೋ ಅವರು ಮರದ ಬುಡಕ್ಕೆ ನಾರು ಸುತ್ತಿ ಗಂಟು ಹಾಕುತ್ತಾರೆ. ಒಂದೊಂದು ಮನೆಗೆ ಒಂದೊಂದು ಗಂಟು. ಗಂಟು ಕಂಡ ಮೇಲೆ ಬೇರೆಯವರು ಆ ಮರ ಮುಟ್ಟುವುದಿಲ್ಲ, ಬಾಯಿಮಾತಿನ ಜಗಳವೂ ಇಲ್ಲ. ಬಹಳ ಹಿಂದೆ ಯಾವನೋ ಜೇನಿನ ಗುತ್ತಿಗೆಯವನು ಒಂದು ಮನೆಯ ಅಳಿಯನಿಗೆ ಕುಡಿಸಿ ಅವರ ಗಂಟು ಕಲಿತುಕೊಂಡು, ಕಾಡಿನಲ್ಲಿ ಕಂಡ ಕಂಡ ಮರಕ್ಕೆಲ್ಲ ಕಟ್ಟಿಬಿಟ್ಟನಂತೆ. ಆವತ್ತಿನಿಂದ ಒಂದು ಕಟ್ಟಳೆ. ತಾನು ಕಾಣದ್ದಕ್ಕೆ ಸುಳ್ಳು ಗಂಟು ಕಟ್ಟಿದರೆ ಒಂದು ಜೇನುಗಾಲ ಮರ ಮುಟ್ಟುವಂತಿಲ್ಲ. ಗಂಟನ್ನು ಹೊರಗಿನವರಿಗೆ ಕಲಿಸಿದರೆ ಆ ಮನೆಯ ಗಂಟು ಅಲ್ಲಿಗೆ ಸತ್ತಂತೆ, ಆ ಮನೆಯವರು ಮತ್ತೆಂದೂ ಅದನ್ನು ಕಟ್ಟುವಂತಿಲ್ಲ.

ಚೆನ್ನಿಯ ಅಪ್ಪನಿಗೆ ಗಂಡುಮಕ್ಕಳಿರಲಿಲ್ಲ. ಇಬ್ಬರು ಹೆಣ್ಣುಮಕ್ಕಳಲ್ಲಿ ದೊಡ್ಡವಳು ಕೊಡಗಿನ ಕಾಫಿ ತೋಟಕ್ಕೆ ಮದುವೆಯಾಗಿ ಹೋದಳು, ಗಂಟು ಚೆನ್ನಿಯ ಕೈಗೆ ಬಂತು. ಮೂರು ಸುತ್ತು, ಒಂದು ಒಳಮಡಿಕೆ, ನಾರಿನ ತುದಿ ಎಲ್ಲಿ ಹೋಯಿತೆಂದು ನೋಡಿದವರಿಗೆ ಗೊತ್ತಾಗುವುದಿಲ್ಲ. ತಾನು ಹಿಡಿದ ಪ್ರತಿ ಗಾಳಿ ಚೊಂಬಿನ ಕತ್ತಿಗೂ ಅವಳು ಅದನ್ನು ಕಟ್ಟುತ್ತಿದ್ದಳು. ಯಾರೂ ಕಟ್ಟೆಂದು ಹೇಳಿರಲಿಲ್ಲ. ಗುಡ್ಡದ ನೆತ್ತಿಯಲ್ಲಿ ಕಂಡದ್ದು ತನ್ನದು ಎಂದು ಹೇಳುವುದಕ್ಕೆ ಅವಳಿಗೆ ಗೊತ್ತಿದ್ದ ರೀತಿ ಅದೊಂದೇ. ಲ್ಯಾಬಿನವರು ಮೊದಲು ನಕ್ಕರು, ಆಮೇಲೆ ನಂಬಿದರು. ಬೇರೆ ಜಾಗಗಳಿಂದ ಬಂದ ಡಬ್ಬಿಗಳಲ್ಲಿ ಒಂದಲ್ಲ ಒಂದು ಎಡವಟ್ಟು ಇರುತ್ತಿತ್ತು. ಗಂಟಿರುವ ಡಬ್ಬಿಯಲ್ಲಿ ಒಂದು ದಿನವೂ ಇರಲಿಲ್ಲ.

ಎರಡನೇ ಮಳೆಗಾಲದಲ್ಲಿ ಅನುಶ್ರೀಗೆ ಹಾಡಿಯಲ್ಲೇ ಜ್ವರ ಬಂತು. ತೊರೆ ತುಂಬಿ ಹರಿದು ಜೀಪು ಆಚೆ ದಡದಲ್ಲೇ ನಿಂತಿತು. ಐದು ದಿನ ಹುಡುಗಿ ಚೆನ್ನಿಯ ಚಾಪೆಯ ಮೇಲೆ ಮಲಗಿದಳು, ಚೆನ್ನಿ ಬರಿನೆಲದ ಮೇಲೆ. ಗಂಜಿ ಕುಡಿಸಿದಳು, ವಾಂತಿ ಬಳಿದಳು, ತಲೆ ಬಾಚಿದಳು. ಆ ಐದು ದಿನದಲ್ಲಿ 'ನೀವು' ಹೋಗಿ 'ನೀನು' ಬಂತು, 'ಮೇಡಂ' ಹೋಗಿ 'ಅಮ್ಮಣ್ಣಿ' ಬಂತು. ಹೊಟ್ಟೆಯಲ್ಲಿ ಹುಟ್ಟಿದವರಿಲ್ಲದ ಚೆನ್ನಿಗೆ ಆ ಹುಡುಗಿಯ ಮೇಲೆ ಜೀವ ಹತ್ತಿಬಿಟ್ಟಿತು.

ಜ್ವರ ಬಿಟ್ಟ ದಿನ ಅನುಶ್ರೀ ಕೇಳಿದಳು, "ಆ ಗಂಟು ಹೆಂಗೆ ಕಟ್ತೀಯಕ್ಕ? ನಂಗೂ ಹೇಳ್ಕೊಡು."

"ಅದು ಯೋಳ್ಕೊಡೋ ಅಂಗಿಲ್ಲ ಕಣಮ್ಮಣ್ಣಿ. ಒರಗ್ನೋರ್ಗೆ ಕಲ್ಸುದ್ರೆ ನಮ್ ಮನೆ ಗಂಟೇ ಸತ್ತೋಯ್ತದೆ."

"ನಾನೇನು ಹೊರಗಿನವಳಾ?"

ಚೆನ್ನಿ ಈ ಮಾತಿಗೆ ಬಿದ್ದಳು. ಬಾಗಿಲು ಮುಂದಕ್ಕೆ ಹಾಕಿ, ಹುಡುಗಿಯ ಬೆರಳುಗಳನ್ನು ತನ್ನ ಬೆರಳಲ್ಲಿ ಹಿಡಿದು, ಮೂರು ಸುತ್ತು, ಒಂದು ಮಡಿಕೆ. ಹತ್ತು ಸಲ ತಪ್ಪಿತು, ಹನ್ನೊಂದನೆಯದಕ್ಕೆ ಬಂತು. ಅಪ್ಪನ ಗಂಟು ತನ್ನ ಜೊತೆ ಮಣ್ಣಾಗುವುದಿಲ್ಲ ಎಂದು ಚೆನ್ನಿಗೆ ಖುಷಿಯೋ ಖುಷಿ.

ನಾಲ್ಕನೇ ಮಳೆಗಾಲ, ಆಷಾಢದಲ್ಲಿ, ಕೊಡಗಿನಿಂದ ಸುದ್ದಿ ಬಂತು, ಅಕ್ಕ ತೀರಿಕೊಂಡಳೆಂದು. ಹೊರಡುವಾಗ ಚೆನ್ನಿ ಅನುಶ್ರೀಗೆ ಹೇಳಿದಳು, "ತಿಥಿ ಮುಗ್ಸ್ಕೊಂಡು ಬರೋದ್ಕೆ ಅನ್ನೊಂದ್ ದಿನ ಆಯ್ತದೆ. ಅಲ್ಲೀಗಂಟ ಚೊಂಬು ಬುಟ್ಬುಡು ಅಮ್ಮಣ್ಣಿ. ನೀನೊಬ್ಳೇ ಗುಡ್ಡ ಅತ್ಬೇಡ, ಆನೆ ಅವೆ." ಅನುಶ್ರೀ ತಬ್ಬಿಕೊಂಡು ಅತ್ತು ಕಳಿಸಿದಳು. ಆ ಅಳು ನಿಜವೇ ಇರಬೇಕು. ನಿಜವಾಗಿ ಅಳುವವರೇ ಆಮೇಲೆ ಕೈ ಕೊಟ್ಟರೆ ತಡೆದುಕೊಳ್ಳುವುದು ಕಷ್ಟ.

ಚೆನ್ನಿ ಬಂದಳು, ಮಳೆಗಾಲ ಮುಗಿಯಿತು, ಚೊಂಬುಗಳು ಲ್ಯಾಬಿಗೆ ಹೋದವು. ಕಾರ್ತಿಕ ಕಳೆಯುವ ಹೊತ್ತಿಗೆ ಒಂದು ಮಧ್ಯಾಹ್ನ ಜೀಪು ಬಂತು. ಇಳಿದವರು ಅನುಶ್ರೀ ಮತ್ತು ಅವಳ ಗೈಡು ನಂಜುಂಡಸ್ವಾಮಿ. ನರೆತ ಗಡ್ಡದ, ಮೆಲುದನಿಯ ಮನುಷ್ಯ. ಹಾಡಿಯ ಯಜಮಾನ ಸಣ್ಣಯ್ಯ ಹೊನ್ನೆ ಮರದ ಕೆಳಗೆ ಚಾಪೆ ಹಾಸಿದ. ಹತ್ತಾರು ಜನ ಸುತ್ತ ಸೇರಿದರು. ನಂಜುಂಡಸ್ವಾಮಿ ಪೆಟ್ಟಿಗೆ ತೆಗೆದು ಎಂಟು ಗಾಳಿ ಚೊಂಬುಗಳನ್ನು ಸಾಲಾಗಿ ಇಟ್ಟರು. ಎಂಟರ ಕತ್ತಿಗೂ ಗಂಟಿತ್ತು. ಅನುಶ್ರೀ ಜೀಪಿಗೆ ಒರಗಿ ನಿಂತಿದ್ದಳು, ಹತ್ತಿರ ಬರಲಿಲ್ಲ.

"ಚೆನ್ನಮ್ಮ, ಇವನ್ನ ನೀವು ಎಲ್ಲಿ ತುಂಬಿಸಿದ್ರಿ?" ಎಂದು ನಂಜುಂಡಸ್ವಾಮಿ ಕೇಳಿದರು.

"ಗುಡ್ಡದ್ ಮ್ಯಾಲೆ ಬುದ್ಧಿ. ಇನ್ನೆಲ್ಲಿ?"

"ನೋಡಮ್ಮ, ಇದರೊಳಗೆ ಬ್ರೋಮೋಫಾರ್ಮು, ಅಂದ್ರೆ ಆ ಕಡಲ ಪಾಚಿಯ ಅನಿಲ, ಇರಬೇಕಾದ್ದಕ್ಕಿಂತ ಮೂವತ್ತು ಪಟ್ಟು ಇದೆ. ನಾನು ಮೊದಲು ಹೊಸದೇನೋ ಸಿಕ್ಕಿತು ಅಂತ ಕುಣಿದುಬಿಟ್ಟೆ. ಆಮೇಲೆ ನೋಡಿದ್ರೆ ಅದರ ಜೊತೆಗೆ ಕ್ಲೋರೋಫಾರ್ಮೂ ಅಷ್ಟೇ ಇದೆ. ಇದು ಕಡಲ ಗಾಳಿ ಅಲ್ಲ. ಬೋರ್‌ವೆಲ್ ನೀರಿಗೆ ಬ್ಲೀಚಿಂಗ್ ಪೌಡರ್ ಹಾಕಿದಾಗ ಹುಟ್ಟೋ ಗಾಳಿ. ಯಾವುದೋ ನೀರಿನ ಟ್ಯಾಂಕಿನ ಪಕ್ಕ ನಿಂತು ತುಂಬಿಸಿದ್ದು."

ಹಾಡಿಯವರು ಕುಡಿಯುವುದು ತೊರೆಯ ನೀರು. ಟ್ಯಾಂಕು ಎಲ್ಲಿಂದ ಬರಬೇಕು? ಚೆನ್ನಿ ಅನುಶ್ರೀಯ ಕಡೆ ನೋಡಿದಳು, ಅಮ್ಮಣ್ಣಿ ಹೇಳುತ್ತಾಳೆ, ಅವಳಿಗೆಲ್ಲ ಗೊತ್ತು ಎಂದುಕೊಂಡು.

ಅನುಶ್ರೀ ಹೇಳಿದಳು. "ಮಳೆ ಜೋರಿತ್ತು ಸಾರ್. ಚೆನ್ನಕ್ಕನಿಗೂ ವಯಸ್ಸಾಯ್ತು. ಗುಡ್ಡ ಹತ್ತಲಾರದೆ ಕೆಳಗೇ ಎಲ್ಲೋ ತುಂಬಿಸಿಬಿಟ್ಟಿರಬೇಕು. ಬೇಕು ಅಂತ ಮಾಡಿರಲ್ಲ, ಪಾಪ."

ಆ 'ಪಾಪ' ಅನ್ನುವುದಿದೆಯಲ್ಲ, ಅದಕ್ಕಿಂತ ಎರಡು ಕೆನ್ನೆಗೆ ಬಾರಿಸಿದ್ದರೆ ವಾಸಿಯಿತ್ತು. ಚೆನ್ನಿ ಒಂದು ಚೊಂಬು ಎತ್ತಿ ಗಂಟನ್ನು ಬೆರಳಿನಿಂದ ಸವರಿದಳು. ಮೂರು ಸುತ್ತು, ಒಂದು ಒಳಮಡಿಕೆ. ಎಲ್ಲೂ ಒಂದು ಎಳೆ ಆಚೀಚೆ ಇಲ್ಲ. ತಾನು ಕಟ್ಟಿದ್ದೋ ಬೇರೆಯವರು ಕಟ್ಟಿದ್ದೋ ಅವಳಿಗೇ ಹೇಳಲಾಗಲಿಲ್ಲ, ಅಷ್ಟು ಚೆನ್ನಾಗಿ ಕಲಿಸಿದ್ದಳು.

"ಇವು ಯಾವಾಗ ತುಂಬ್ಸಿದ್ವು ಬುದ್ಧಿ?"

"ಎಲ್ಲ ಒಟ್ಟೊಟ್ಟಿಗೆ. ಆಷಾಢದ ಅಮಾವಾಸ್ಯೆಗೆ ಮುಂಚಿನ ಹತ್ತು ದಿನದಲ್ಲಿ."

ಆಗ ಚೆನ್ನಿಗೆ ಎಲ್ಲ ತಿಳಿಯಿತು. ಆ ಹತ್ತು ದಿನ ತಾನು ಕೊಡಗಿನ ತೋಟದ ಕೂಲಿಯವರ ಲೈನ್‌ಮನೆಯಲ್ಲಿ ಅಕ್ಕನ ತಿಥಿಗೆ ಅಕ್ಕಿ ಆರಿಸುತ್ತಿದ್ದಳು. ಅನುಶ್ರೀಗೆ ಅದು ಗೊತ್ತಿತ್ತು. ಗೊತ್ತಿದ್ದೂ ಹೇಳಿದಳು. ಅದಕ್ಕಿಂತ ದೊಡ್ಡದು ಇನ್ನೊಂದಿತ್ತು. ನಾನಲ್ಲ, ನಾನು ಊರಲ್ಲೇ ಇರಲಿಲ್ಲ ಎಂದು ಚೆನ್ನಿ ಬಾಯಿ ಬಿಟ್ಟರೆ, ಹಾಗಾದರೆ ಗಂಟು ಕಟ್ಟಿದವರು ಯಾರು ಎಂದು ಸಣ್ಣಯ್ಯ ಕೇಳುತ್ತಾನೆ. ಹೊರಗಿನವರಿಗೆ ಕಲಿಸಿದ್ದು ಹೊರಬೀಳುತ್ತದೆ. ಅಪ್ಪನ ಗಂಟು ಸಾಯುತ್ತದೆ. ಆ ಕಟ್ಟಳೆಯೂ ಅನುಶ್ರೀಗೆ ಗೊತ್ತಿತ್ತು, ಚೆನ್ನಿಯೇ ಅವಳಿಗೆ ಹೇಳಿದ್ದಳು. ಚೆನ್ನಿ ಬಾಯಿ ಬಿಡಲಾರಳು ಎಂದು ಲೆಕ್ಕ ಹಾಕಿಯೇ ಹುಡುಗಿ ಅಷ್ಟು ನಿಶ್ಚಿಂತೆಯಿಂದ ಜೀಪಿಗೆ ಒರಗಿ ನಿಂತಿದ್ದಳು.

ಸಣ್ಣಯ್ಯ ಮಧ್ಯೆ ಬಾಯಿ ಹಾಕಿದ. "ಸುಳ್ಳು ಗಂಟು ಕಟ್ದಂಗಾಯ್ತಲ್ಲವ್ವ ಚೆನ್ನಿ. ಒಂದು ಜೇನ್ಗಾಲ ಮರ ಬುಡ್ಬೇಕಾಯ್ತದೆ. ಒಪ್ಕೊಂಡ್ಬುಡು, ಮುಗ್ದೋಯ್ತದೆ."

ಒಂದು ಜೇನುಗಾಲ. ಅದೇನು ಮಹಾ? ಒಪ್ಪಿಕೊಂಡು ಬಿಡೋಣ ಎಂದೇ ಚೆನ್ನಿ ತಲೆ ಬಗ್ಗಿಸಿದಳು. ಸಂಕಟವನ್ನು ನುಂಗಿಕೊಂಡರೆ ಗಂಟು ಉಳಿಯುತ್ತದೆ.

ಆಗ ನಂಜುಂಡಸ್ವಾಮಿ ಚೊಂಬುಗಳನ್ನು ಪೆಟ್ಟಿಗೆಗೆ ಇಡುತ್ತಾ ತಮ್ಮಷ್ಟಕ್ಕೆ ಎಂಬಂತೆ ಹೇಳಿದರು, "ಎಂಥ ಕೆಲಸ ಆಗಿಹೋಯ್ತು. ಗಂಟಿರೋ ಡಬ್ಬಿ ನಂಬಬಹುದು ಅಂತ ನಾಲ್ಕು ವರ್ಷ ನಂಬಿದ್ವಿ. ಎಂಟು ಸುಳ್ಳಾದ ಮೇಲೆ ಉಳಿದ ಇನ್ನೂರ ನಾಲ್ಕನ್ನ ಹೇಗೆ ನಂಬೋದು? ಎಲ್ಲ ಬಿಸಾಕಬೇಕು ಅನುಶ್ರೀ. ಗುಡ್ಡದ ಲೆಕ್ಕ ಪೂರ್ತಿ ಹೋಯ್ತು."

"ಎಲ್ಲಾನಾ ಸಾರ್?" ಎಂದು ಅನುಶ್ರೀ ಚೀರಿದಳು. ಈ ಲೆಕ್ಕ ಅವಳು ಹಾಕಿರಲಿಲ್ಲ. ಎಂಟು ಹೋಗುತ್ತದೆ, ಮುದುಕಿಯ ತಲೆಗೆ ಕಟ್ಟಿದರಾಯಿತು ಎಂದುಕೊಂಡಿದ್ದಳು. ಈಗ ಅವಳ ನಾಲ್ಕು ವರ್ಷದ ಓದೇ ಮಣ್ಣುಪಾಲಾಗುವುದರಲ್ಲಿತ್ತು. ಆಗಲೂ ನಿಜ ಹೇಳಲಿಲ್ಲ. ಕಣ್ಣು ತುಂಬಿಕೊಂಡು ಚೆನ್ನಿಯನ್ನು ನೋಡಿದಳು, ಜ್ವರದಲ್ಲಿ ನೀರು ಕೇಳಿದಾಗ ನೋಡಿದ ಹಾಗೆಯೇ, ನೀನೇ ಏನಾದರೂ ಮಾಡು ಎಂಬಂತೆ. ಬೆನ್ನಿಗೆ ಚೂರಿ ಹಾಕಿದ ಮೇಲೂ ಮದ್ದು ಅವಳೇ ಅರೆದು ಕೊಡಬೇಕು!

ಚೆನ್ನಿಗೆ ಇನ್ನೂರ ನಾಲ್ಕು ಎಂದರೆ ಎಷ್ಟೆಂದು ಹೇಳಲು ಬರುತ್ತಿರಲಿಲ್ಲ, ಆದರೆ ಒಂದೊಂದು ಗಾಳಿಯೂ ಕೆನ್ನೆಗೆ ನೆನಪಿತ್ತು. ಜಿಗಣೆ ಹತ್ತಿ ಕಾಲೆಲ್ಲ ರಕ್ತವಾದ ದಿನದ ಗಾಳಿ. ಸಲಗ ಅಡ್ಡ ನಿಂತು ಸಂಜೆಯವರೆಗೆ ಬಂಡೆ ಸಂದಿಯಲ್ಲಿ ಕೂತ ದಿನದ ಗಾಳಿ. ಮೂರು ವಾರ ಮಾತ್ರ ಬದುಕುವ ಅದನ್ನು ಸಾಯುವುದರೊಳಗೆ ಹಿಡಿದು ಕೊಟ್ಟಿದ್ದಳು. ಅದೆಲ್ಲ ಸುಳ್ಳು ಎಂದು ಬಿಸಾಕುತ್ತಾರಂತೆ.

"ತಡೀರಿ ಬುದ್ಧಿ," ಎಂದಳು. "ಆ ಎಂಟು ನಾನ್ ಇಡ್ದಿದ್ದಲ್ಲ. ಆಗ ನಾನು ಹಾಡೀಲೇ ಇರ್ನಿಲ್ಲ. ಸಣ್ಣಯ್ಯನ್ನೇ ಕೇಳಿ, ನಮ್ಮಕ್ಕ ಸತ್ತಿದ್ದು ಯಾವಾಗ ಅಂತ."

ಸಣ್ಣಯ್ಯ ಬೆರಳು ಮಡಿಸಿ ಎಣಿಸಿದ. ಅವನ ಮುಖ ಗಟ್ಟಿಯಾಯಿತು. "ದಿಟ ಸೋಮಿ. ಅಮಾಸೆ ದಿನ ವಾಪಸ್ ಬಂದ್ಲು. ಅಂಗಾರೆ ಗಂಟು ಯಾರ್ ಕಟ್ದೋರವ್ವ?"

ಚೆನ್ನಿ ತೊಗಟೆ ನಾರಿನ ಒಂದು ಎಳೆ ತೆಗೆದುಕೊಂಡು ಜೀಪಿನ ಹತ್ತಿರ ಹೋದಳು. "ಕಟ್ಟಿ ತೋರ್ಸು ಅಮ್ಮಣ್ಣಿ."

"ನಂಗೆ ಬರಲ್ಲ ಚೆನ್ನಕ್ಕ."

"ನನ್ ಮನೇಲಿ ಕಲ್ತಲ್ಲವ್ವ. ಅನ್ನೊಂದ್ನೇ ಸಲಕ್ಕೆ ಬಂತಲ್ಲ."

"ಇಲ್ಲ. ನಂಗೆ ಯಾರೂ ಏನೂ ಕಲಿಸಿಲ್ಲ."

ಸುಳ್ಳು ಚೊಂಬು ತುಂಬಿಸಿದ್ದನ್ನು ಚೆನ್ನಿ ಕ್ಷಮಿಸಿಬಿಡುತ್ತಿದ್ದಳೋ ಏನೋ. ಮಳೆ, ಆನೆ, ಓದು ಮುಗಿಸುವ ಆತುರ, ಏನೋ ಒಂದು ಎಂದು ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದಳು. ಈ ಮಾತು ಮಾತ್ರ ಹೊಟ್ಟೆಯೊಳಗೆ ಇಳಿಯಲಿಲ್ಲ. ಬಾಗಿಲು ಮುಂದಕ್ಕೆ ಹಾಕಿ, ಬೆರಳಿಗೆ ಬೆರಳು ಕೂಡಿಸಿ ಕೊಟ್ಟದ್ದನ್ನು ಹುಡುಗಿ ಇಲ್ಲವೇ ಇಲ್ಲ ಎಂದುಬಿಟ್ಟಳು. ಚೆನ್ನಿ ಎಲ್ಲರ ಕಡೆ ತಿರುಗಿ ನಿಂತು ಜೋರಾಗಿ ಹೇಳಿದಳು, "ನಾನೇ ಕಲ್ಸಿದ್ದು. ನಮ್ಮಪ್ಪನ್ ಗಂಟ ನಾನೇ ಈ ಮಗೀಗೆ ಕಲ್ಸಿದ್ದು. ನನ್ ಮಗ್ಳು ಅನ್ಕೊಂಡಿದ್ದೆ."

ನಂಜುಂಡಸ್ವಾಮಿ ಅನುಶ್ರೀಯ ಕಡೆ ತಿರುಗಿದರು. "ಕೋಟೇಲಿ ನೀನಿದ್ದ ಬಾಡಿಗೆ ಮನೆ ತಾರಸಿ ಮೇಲೆ ಟ್ಯಾಂಕ್ ಇದೆಯಲ್ಲ?" ಎಂದರು. ಅನುಶ್ರೀ ಮುಖ ಮುಚ್ಚಿಕೊಂಡು ಕುಸಿದಳು. ಆಗ ಎಲ್ಲ ಹೊರಬಂತು. ಥೀಸಿಸ್ಸಿಗೆ ಇನ್ನೂ ಎಂಟು ಬೇಕಿತ್ತು, ಒಬ್ಬಳೇ ಗುಡ್ಡ ಹತ್ತಲು ಭಯವಾಯಿತು, ತಾರಸಿ ಎತ್ತರದಲ್ಲೇ ಇದೆಯಲ್ಲ, ಗಾಳಿ ಒಂದೇ ಅಲ್ಲವೇ ಎಂದುಕೊಂಡಳು. ಮನೆ ಮಾಲೀಕರು ಟ್ಯಾಂಕಿಗೆ ಪೌಡರ್ ಹಾಕಿಸಿದ್ದು ತಿಳಿದಿರಲಿಲ್ಲ. ಗಂಟಿಲ್ಲದಿದ್ದರೆ ಲ್ಯಾಬಿನಲ್ಲಿ ಕೇಳುತ್ತಾರೆಂದು ಗಂಟು ಕಟ್ಟಿದಳು.

ನಂಜುಂಡಸ್ವಾಮಿ ತೀರ್ಮಾನ ಹೇಳಿದರು. ಎಂಟು ಚೊಂಬು ತೆಗೆದುಹಾಕುವುದು. ಇನ್ನೂರ ನಾಲ್ಕು ಚೆನ್ನಮ್ಮ ಹಿಡಿದದ್ದು, ಅವು ಉಳಿಯುತ್ತವೆ. ಕಡಲಿಂದ ಹೊರಟು ಮೇಲಕ್ಕೆ ಮುಟ್ಟುವ ಲೆಕ್ಕವನ್ನು ಅವುಗಳ ಮೇಲೇ ಬರೆಯಬಹುದು, ಅನುಶ್ರೀಯ ಥೀಸಿಸ್ಸಿಗೂ ಅಷ್ಟು ಸಾಕು. "ಹುಡುಗಿ ಭವಿಷ್ಯದ ಪ್ರಶ್ನೆ. ಇದು ನಮ್ಮ ನಮ್ಮಲ್ಲೇ ಇರಲಿ," ಎಂದು ಸಣ್ಣಯ್ಯನಿಗೆ ಕೈ ಮುಗಿದರು. ಓದಿದವರಲ್ಲಿ ಇಂಥ ಅನುಕೂಲ ಉಂಟು, ತಪ್ಪನ್ನು ನಮ್ಮ ನಮ್ಮಲ್ಲೇ ಇಟ್ಟುಕೊಳ್ಳಬಹುದು.

ಹಾಡಿಯಲ್ಲಿ ಆ ಅನುಕೂಲವಿರಲಿಲ್ಲ. ಎಲ್ಲರ ಮುಂದೆ ಆಡಿದ ಮಾತು ಎಲ್ಲರದೂ ಆಯಿತು. ಸಣ್ಣಯ್ಯನಿಗೂ ಸಂಕಟವೇ, ಚೆನ್ನಿಯ ಅಪ್ಪನ ಜೊತೆ ಒಂದೇ ಏಣಿ ಹತ್ತಿದವನು. ಆದರೂ ಹೇಳಬೇಕಾದ್ದನ್ನು ಹೇಳಿದ, "ನಿನ್ ಕೈಯ್ಯಾರೆ ಬಿಚ್ಬುಡವ್ವ. ಬ್ಯಾರೆಯೋರು ಕುಯ್ಯೋದು ಬ್ಯಾಡ."

ಮಾರನೆಯ ದಿನ ಬೆಳಿಗ್ಗೆ ಚೆನ್ನಿ ಕಾಡಿಗೆ ಹೋಗಿ ತನ್ನ ಒಂಬತ್ತು ಮರಗಳ ಗಂಟುಗಳನ್ನು ಒಂದೊಂದಾಗಿ ಬಿಚ್ಚಿದಳು. ಬಿಚ್ಚುವುದಕ್ಕೆ ಕಟ್ಟುವುದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು, ಅಪ್ಪನ ಗಂಟು ಹಾಗಿತ್ತು. ನಾರನ್ನು ತೊರೆಗೆ ಬಿಟ್ಟು, ಮುಖ ತೊಳೆದುಕೊಂಡು, ಹೊಟ್ಟೆ ತುಂಬ ಅತ್ತಳು. ಬಿಸಿಲೇರಿದ ಮೇಲೆ ಹಾಡಿಗೆ ಬಂದರೆ, ಗುಡ್ಡದ ಮೇಲಿನ ಮುರಿದ ಯಂತ್ರ, ಖಾಲಿ ಪೆಟ್ಟಿಗೆಗಳು ಎಲ್ಲ ಜೀಪಿಗೆ ಏರಿದ್ದವು. ಅನುಶ್ರೀ ಕಾದು ನಿಂತಿದ್ದಳು. ಕಣ್ಣು ಊದಿಕೊಂಡಿತ್ತು.

"ಚೆನ್ನಕ್ಕ, ನೀನು ನನ್ನ ಉಳಿಸಿದೆ," ಎಂದು ಕೈ ಹಿಡಿದುಕೊಳ್ಳಲು ಬಂದಳು.

ಚೆನ್ನಿ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. "ನಿಮ್ಮನ್ನಲ್ಲ ಮೇಡಂ. ನಾನ್ ಇಡ್ದಿದ್ ಗಾಳಿ ಉಳ್ಸ್ಕಂಡೆ."

ಅನುಶ್ರೀಗೆ ಆ 'ಮೇಡಂ' ತಾಗಿತು. ಡ್ರೈವರು ಹಾರನ್ ಮಾಡಿದ.

"ಒಂದ್ ಕೇಳ್ತೀನಿ," ಎಂದಳು ಚೆನ್ನಿ. "ಆ ಗಂಟ ಮರ್ತ್ಬುಡಿ."

"ಮರೀತೀನಿ. ನಮ್ಮಮ್ಮನಾಣೆ ಮರೀತೀನಿ."

ಆಣೆಯನ್ನು ಹುಡುಗಿ ಮನಸ್ಸಿನಿಂದಲೇ ಇಟ್ಟಳು. ಆದರೆ ಬೆರಳು ಕಲಿತದ್ದನ್ನು ಆಣೆ ಇಟ್ಟು ಮರೆಸಲಾಗುವುದಿಲ್ಲ ಎಂದು ಕಲಿಸಿದವಳಿಗೆ ಗೊತ್ತಿತ್ತು. ಜೀಪು ತೊರೆ ದಾಟಿ ಕೋಟೆಯ ರಸ್ತೆಗೆ ತಿರುಗುವವರೆಗೂ ಚೆನ್ನಿ ನಿಂತೇ ಇದ್ದಳು. ಅಪ್ಪ ಇಲ್ಲ, ಅಕ್ಕ ಇಲ್ಲ, ತನ್ನ ಕೈ ಇನ್ನು ಅದನ್ನು ಕಟ್ಟುವಂತಿಲ್ಲ. ಅಪ್ಪನ ಗಂಟನ್ನು ಯಾರ ಅಡ್ಡಿಯೂ ಇಲ್ಲದೆ ಕಟ್ಟಬಲ್ಲ ಕೈ ಈ ಭೂಮಿಯ ಮೇಲೆ ಈಗ ಒಂದೇ ಉಳಿದಿತ್ತು. ಅದು ಆ ಜೀಪಿನಲ್ಲಿ ಕೂತು ಹೋಗುತ್ತಿತ್ತು.